ಟೈಪಿಂಗ್ ಶಾಲೆಯಿಂದ ಅಂತರಜಾಲದ ಪಾಠಕ್ಕೆ

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಂಥ ಊರಿನಲ್ಲಿ ಪಿಯುಸಿ ಮುಗಿಸಿದ ವಿದ್ಯಾರ್ಥಿಯೊಬ್ಬ ಪ್ರೋಗ್ರಾಮಿಂಗ್ ಕಲಿಯಬೇಕೆಂದುಕೊಂಡರೆ ಇಂದು ಬಸ್ಸು ಹತ್ತಿ ಗೋಕಾಕಕ್ಕೋ ಬೆಳಗಾವಿಗೋ ಹೋಗಲೇಬೇಕೆಂದಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲೇ ಸಾವಿರಾರು ಪಾಠಗಳಿವೆ. ಕೆಲವು ಪುಕ್ಕಟೆ, ಕೆಲವಕ್ಕೆ ನೂರಾರು ರೂಪಾಯಿ, ಇನ್ನು ಕೆಲವಕ್ಕೆ ಲಕ್ಷದ ಮೇಲೆ ಶುಲ್ಕ. ಒಂದು ಕಾಲಕ್ಕೆ ಕಲಿಸುವವರು ಸಿಗದ ಕಷ್ಟವಿತ್ತು. ಈಗ ಯಾರಿಂದ ಕಲಿಯಬೇಕೆಂದು ತಿಳಿಯದ ಕಷ್ಟ. ಆಯ್ಕೆ ತಪ್ಪಿದರೆ ಹೋಗುವುದು ಹಣವಷ್ಟೇ ಅಲ್ಲ, ವಯಸ್ಸಿನ ಎರಡು ಮೂರು ವರ್ಷಗಳೂ ಹೋಗುತ್ತವೆ.

ಈ ಪೇಚಾಟ ಅಂತರಜಾಲದೊಂದಿಗೆ ಹುಟ್ಟಿದ್ದಲ್ಲ. ನೌಕರಿ ಕೊಡಿಸುವ ವಿದ್ಯೆಗಳ ಚರಿತ್ರೆಯನ್ನು ತಿರುವಿ ಹಾಕಿದರೆ ಪ್ರತಿ ತಲೆಮಾರಿಗೂ ಇವೇ ಪ್ರಶ್ನೆಗಳು ಎದುರಾಗಿವೆ. ಪಾಠ ಹೇಳುವವರು ಯಾರು? ಪರೀಕ್ಷೆ ಮಾಡುವವರು ಯಾರು? ಕೊನೆಗೆ ಕೈಗೆ ಬರುವ ಕಾಗದಕ್ಕೆ ಹೊಣೆ ಯಾರು?

ಬೆರಳಚ್ಚಿನ ಕಾಲ

ಕಂಪ್ಯೂಟರ್ ಬರುವ ಮೊದಲು ತಾಲ್ಲೂಕು ಕೇಂದ್ರಗಳಲ್ಲಿ ನೌಕರಿಯ ಬಾಗಿಲು ತೆರೆಯುತ್ತಿದ್ದ ವಿದ್ಯೆಗಳೆಂದರೆ ಬೆರಳಚ್ಚು ಮತ್ತು ಶೀಘ್ರಲಿಪಿ. ಪೇಟೆಯ ಮಹಡಿಯಲ್ಲೊಂದು ಕೋಣೆ, ಸಾಲಾಗಿ ಜೋಡಿಸಿದ ಯಂತ್ರಗಳು, ಗಂಟೆಗೊಂದು ತಂಡ; ಟೈಪಿಂಗ್ ಶಾಲೆಯೆಂದರೆ ಇಷ್ಟೇ. ಶಾಲೆ ಖಾಸಗಿಯವರದು. ಆದರೆ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ನಡೆಸುತ್ತಿದ್ದುದು ಸರ್ಕಾರದ ಪರೀಕ್ಷಾ ಮಂಡಳಿ. ಮಾಸ್ತರರು ಎಷ್ಟೇ ಹೊಗಳಿದರೂ ನಿಗದಿತ ವೇಳೆಯಲ್ಲಿ ತಪ್ಪಿಲ್ಲದೆ ಪುಟ ಮುಗಿಸದವನಿಗೆ ಪ್ರಮಾಣಪತ್ರವಿರಲಿಲ್ಲ. ಕಲಿಸುವ ಕೈ ಬೇರೆ, ಅಳೆಯುವ ಕೈ ಬೇರೆ. ಆ ಕಾಗದಕ್ಕಿದ್ದ ಬೆಲೆಯ ಗುಟ್ಟು ಇದೇ.

ಕಂಪ್ಯೂಟರ್ ಶಿಕ್ಷಣ ನಮ್ಮಲ್ಲಿ ಆರಂಭವಾದದ್ದು ದೊಡ್ಡ ಸಂಸ್ಥೆಗಳ ಒಳಗೆ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದಾಗ ಅಲ್ಲಿ ಪ್ರೋಗ್ರಾಮಿಂಗ್ ಪಾಠ ಹೇಳಿದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ದೇಶದಲ್ಲಿ ಎಂಸಿಎ ಪದವಿ ಆರಂಭವಾಗಲು ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯೇ ಕಾರಣ. ಕಡಿಮೆ ಬೆಲೆಯ ಅವರ ಪಠ್ಯಪುಸ್ತಕಗಳಿಂದ ಯಂತ್ರವನ್ನು ಕಣ್ಣಾರೆ ಕಾಣದವರೂ ಪ್ರೋಗ್ರಾಂ ಬರೆಯಲು ಕಲಿತರು.

ಪೇಟೆಗೆ ಬಂದ ಕಂಪ್ಯೂಟರ್

1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಹುಟ್ಟಿದವು. ತೊಂಬತ್ತರ ದಶಕದಲ್ಲಿ ಇಂಥ ತರಬೇತಿ ಕೇಂದ್ರಗಳು ಜಿಲ್ಲಾ ಕೇಂದ್ರಗಳಿಗೂ ಹರಡಿದವು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಕೂಡ ತನ್ನ ಕೇಂದ್ರಗಳನ್ನು ತೆರೆಯಿತು. ಖಾಸಗಿ ಕೇಂದ್ರಗಳಲ್ಲಿ ಹೆಚ್ಚಿನವು ತಾವೇ ಕಲಿಸಿ, ತಾವೇ ಪರೀಕ್ಷಿಸಿ, ತಾವೇ ಡಿಪ್ಲೊಮಾ ಕೊಟ್ಟವು. ಹಳೆಯ ಟೈಪಿಂಗ್ ಶಾಲೆಯ ಪದ್ಧತಿ ಇಲ್ಲಿ ಮುರಿಯಿತು.

ಅದನ್ನು ಮತ್ತೆ ಕೂಡಿಸುವ ಪ್ರಯತ್ನವೇ 1990ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ತಂದ ಡೋಯಕ್ ಯೋಜನೆ. ಓ, ಎ, ಬಿ, ಸಿ ಎಂಬ ನಾಲ್ಕು ಮಟ್ಟಗಳು. ಮಾನ್ಯತೆ ಪಡೆದ ಖಾಸಗಿ ಸಂಸ್ಥೆಯಲ್ಲಿ ಕಲಿಯಬಹುದು, ಆದರೆ ಪರೀಕ್ಷೆ ಮಾತ್ರ ದೇಶಕ್ಕೆಲ್ಲ ಒಂದೇ. 2011ರಲ್ಲಿ ಈ ಸಂಸ್ಥೆಗೆ ನೈಲಿಟ್ ಎಂಬ ಹೊಸ ಹೆಸರು ಬಂತು.

ಅಷ್ಟರಲ್ಲಿ ಕಂಪ್ಯೂಟರ್ ಹಳ್ಳಿಯ ಬದುಕಿಗೂ ಕಾಲಿಟ್ಟಿತ್ತು. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2012ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ಕಂಪ್ಯೂಟರ್ ಕಲಿಕೆ ಬೆಂಗಳೂರಿಗೆ ಹೋಗುವವರ ಸ್ವತ್ತಾಗಿ ಉಳಿಯಲಿಲ್ಲ.

ಆಕಾಶದಿಂದ ಇಳಿದ ಪಾಠ

ದೂರದ ಗುರು ಹಳ್ಳಿಯ ವಿದ್ಯಾರ್ಥಿಗೆ ಪಾಠ ಹೇಳುವ ಕಲ್ಪನೆಗೆ ಬೆಳಗಾವಿಯ ನಂಟೂ ಇದೆ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಪ್ರಾಯೋಗಿಕ ಹಂತದಲ್ಲಿ ಆಯ್ಕೆಯಾದ ಮೂರು ವಿಶ್ವವಿದ್ಯಾಲಯಗಳಲ್ಲಿ ವಿಟಿಯು ಒಂದು. ಸ್ಟುಡಿಯೊದಲ್ಲಿ ಪ್ರಾಧ್ಯಾಪಕರು ಹೇಳಿದ ಪಾಠ ದೂರದ ಎಂಜಿನಿಯರಿಂಗ್ ಕಾಲೇಜುಗಳ ಪರದೆಯ ಮೇಲೆ ಮೂಡುತ್ತಿತ್ತು. ಎಜುಸ್ಯಾಟ್‌ನ ಸೇವೆ 2010ರಲ್ಲಿ ಮುಗಿಯಿತು.

ಅದೇ ಕಾಲಕ್ಕೆ ಇನ್ನೊಂದು ದಾರಿ ತೆರೆದಿತ್ತು. 2001ರಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಡುವುದಾಗಿ ಸಾರಿತು. 2003ರಲ್ಲಿ ನಮ್ಮಲ್ಲಿ ಏಳು ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಯೋಜನೆಯನ್ನು ಕೈಗೆತ್ತಿಕೊಂಡವು. 2014ರಿಂದ ಅಲ್ಲಿ ಪ್ರಮಾಣಪತ್ರವೂ ಸಿಗುತ್ತಿದೆ. ಪಾಠ ಉಚಿತ, ವಾರವಾರವೂ ಮನೆಗೆಲಸ ಮುಗಿಸಬೇಕು, ಪ್ರಮಾಣಪತ್ರ ಬೇಕೆಂದರೆ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಕುಳಿತು ಬರೆಯಬೇಕು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂತು. ಅಲ್ಲಿ ಗಳಿಸಿದ ಅಂಕಗಳನ್ನು ನಿಯಮಕ್ಕೊಳಪಟ್ಟು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಲೂ ಅವಕಾಶವಿದೆ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಉಳಿಯುವುದಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಬೋಧಕರು ಕೃತಕ ಬುದ್ಧಿಮತ್ತೆಯ ಪಾಠವನ್ನು ಜಗತ್ತಿಗೇ ಉಚಿತವಾಗಿ ತೆರೆದಾಗ ಸುಮಾರು 1,60,000 ಜನ ಹೆಸರು ಬರೆಸಿದರು. ಕೊನೆ ಮುಟ್ಟಿದವರು ಇಪ್ಪತ್ತು ಸಾವಿರದ ಆಸುಪಾಸು.

ಕಾಗದದ ಬೆಲೆ

ಪ್ರಮಾಣಪತ್ರದ ಹೊಣೆಗಾರ ಯಾರೆಂದು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ್ದು ಯುಜಿಸಿಯ ಮುಖ್ಯ ಆಕ್ಷೇಪ. 2018ರಲ್ಲಿ ಮಾನ್ಯತೆ ಮರಳಿತಾದರೂ ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ತಮ್ಮದಲ್ಲದ ತಪ್ಪಿಗೆ ಅಲೆದಾಡಬೇಕಾಯಿತು.

ಕೋವಿಡ್ ಕಾಲದಲ್ಲಿ ಅಂತರಜಾಲದ ಪಾಠಗಳ ಮಾರುಕಟ್ಟೆ ಉಬ್ಬಿದಾಗ ಮಕ್ಕಳಿಗೆ ಕೋಡಿಂಗ್ ಕಲಿಸುವ ಜಾಹೀರಾತುಗಳು ಮನೆಮನೆಗೆ ನುಗ್ಗಿದವು. ಅವುಗಳಲ್ಲಿ ಕೆಲವನ್ನು ಹಿಂತೆಗೆದುಕೊಳ್ಳುವಂತೆ ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಬೇಕಾಯಿತು. ಖಾಸಗಿ ಕಂಪನಿಗಳ ಜೊತೆ ಫ್ರಾಂಚೈಸಿ ಒಪ್ಪಂದ ಮಾಡಿಕೊಂಡು ದೂರಶಿಕ್ಷಣದ ಪದವಿ ಕೊಡುವಂತಿಲ್ಲ ಎಂದು 2022ರಲ್ಲಿ ಯುಜಿಸಿ ಮತ್ತು ಎಐಸಿಟಿಇ ಎಚ್ಚರಿಸಿದವು.

ಕನ್ನಡದಲ್ಲಿ ಕಲಿಕೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ತೊಡಕು ಭಾಷೆಯದು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದಕ್ಕೊಂದು ಉಪಾಯ ಕಂಡುಕೊಂಡಿತು. ಸುಮಾರು ಹತ್ತು ನಿಮಿಷದ ದೃಶ್ಯಪಾಠ. ಪರದೆಯ ಮೇಲೆ ಇಂಗ್ಲಿಷಿನ ತಂತ್ರಾಂಶ ಹಾಗೆಯೇ ಇರುತ್ತದೆ, ವಿವರಣೆ ಮಾತ್ರ ಭಾರತೀಯ ಭಾಷೆಗಳಲ್ಲಿ. ಅನೇಕ ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಕಲಿಸುವುದು ಮುಕ್ತ ತಂತ್ರಾಂಶಗಳನ್ನಾದ್ದರಿಂದ ಅವುಗಳಿಗೆ ದುಡ್ಡು ಕೊಡಬೇಕಿಲ್ಲ. ಒಂದಿಷ್ಟು ನೋಡು, ನಿಲ್ಲಿಸು, ನೀನೇ ಮಾಡು ಎಂಬುದು ಅದರ ಕ್ರಮ. ತರ್ಕ ಕನ್ನಡದಲ್ಲಿ ಗಟ್ಟಿಯಾದರೆ ಇಂಗ್ಲಿಷಿನ ಆಜ್ಞೆಗಳು ಬಾಯಿಪಾಠವಾಗಿ ಉಳಿಯುವುದಿಲ್ಲ.

ಮಾಡದೆ ಮಾತ್ರ ಈ ವಿದ್ಯೆ ಬಾರದು. ದಂಡೆಯ ಮೇಲೆ ಕುಳಿತು ಈಜು ಕಲಿತವರಿಲ್ಲ. ಮೊಬೈಲಿನಲ್ಲಿ ಪಾಠ ನೋಡಬಹುದು, ನೂರು ಸಾಲಿನ ಪ್ರೋಗ್ರಾಂ ಬರೆದು ತಿದ್ದಲು ಕೀಲಿಮಣೆಯೇ ಬೇಕು. ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಇರಲಾರದು. ಆದರೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೆ ಹಲವೆಡೆ ಅಲ್ಲಿ ಕಂಪ್ಯೂಟರ್ ಬಂದಿದೆ. ಗೆಳೆಯರು ಸೇರಿ ಒಂದು ಯಂತ್ರ ಇಟ್ಟುಕೊಳ್ಳಲೂಬಹುದು. 1969ರಲ್ಲೇ ಸಹಕಾರ ಸಂಘ ಕಟ್ಟಿಕೊಂಡು ಊರೂರಿಗೆ ವಿದ್ಯುತ್ ಹಂಚಿದ ಹುಕ್ಕೇರಿ ತಾಲ್ಲೂಕಿಗೆ ಕೂಡಿ ಮಾಡುವುದು ಹೊಸ ಪಾಠವೇನಲ್ಲ.

ಹಳೆಯ ಅಳತೆಗೋಲು ಇಂದಿಗೂ ಸಲ್ಲುತ್ತದೆ. ಮೊದಲು ಪುಕ್ಕಟೆ ಪಾಠದಲ್ಲಿ ತಿಂಗಳೊಪ್ಪತ್ತು ಪಳಗಿ, ವಿದ್ಯೆ ತನಗೆ ಒಗ್ಗುತ್ತದೆಯೇ ಎಂದು ನೋಡಬೇಕು. ಪ್ರಮಾಣಪತ್ರ ಬೇಕಾದರೆ ಪಾಠ ಮಾರುವವರಿಗಿಂತ ಬೇರೆಯವರು ಪರೀಕ್ಷಿಸುವ, ಇಲ್ಲವೇ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಯುವ ಕೋರ್ಸನ್ನು ಆರಿಸಬೇಕು. ಪದವಿಯೆಂದು ಹೇಳಿದರೆ ಯುಜಿಸಿಯ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ನೌಕರಿಯ ಭರವಸೆ ಕೊಟ್ಟರೆ ಅದನ್ನು ಬರಹದಲ್ಲಿ ಕೇಳಬೇಕು. ಟೈಪಿಂಗ್ ಕಲಿತವನ ಯೋಗ್ಯತೆಯನ್ನು ಅವನು ಹೊಡೆದ ಪುಟ ಹೇಳುತ್ತಿತ್ತು. ಪ್ರೋಗ್ರಾಮಿಂಗ್ ಕಲಿತವನ ಯೋಗ್ಯತೆಯನ್ನು ಅವನು ಬರೆದು ನಡೆಸಿ ತೋರಿಸುವ ಪ್ರೋಗ್ರಾಂ ಹೇಳುತ್ತದೆ.