ಬೇರೆ ಟೀಮಿಗೆ ಹೋಗೋ ಹಕ್ಕು: ಅಮೆರಿಕನ್ ಫುಟ್‌ಬಾಲ್‌ನ ಮಾರ್ಚ್ ತಿಂಗಳ ಹಿಂದಿನ ಕಥೆ

(1/7)

ಪ್ರತಿ ವರ್ಷ ಮಾರ್ಚ್ ಬಂತು ಅಂದ್ರೆ ಅಮೆರಿಕದಲ್ಲಿ ಒಂದು ವಿಚಿತ್ರ ಜಾತ್ರೆ. ಮೈದಾನದಲ್ಲಿ ಆಟ ಇಲ್ಲ. ಸೀಸನ್ ಫೆಬ್ರವರಿಯಲ್ಲೇ ಮುಗಿದಿರುತ್ತೆ, ಮುಂದಿನದ್ದು ಸೆಪ್ಟೆಂಬರ್‌ಗೆ. ಆದ್ರೂ ಅಭಿಮಾನಿಗಳು ಫೋನ್ ಕೆಳಗಿಡಲ್ಲ. ಯಾರು ಯಾವ ಟೀಮಿಗೆ ಸೈನ್ ಮಾಡಿದ, ಯಾರನ್ನ ಟ್ರೇಡ್ ಮಾಡಿದ್ರು, ಯಾರನ್ನ ಕೈಬಿಟ್ರು, ದಿನವಿಡೀ ಇದೇ ಸುದ್ದಿ.

ಹೇಳ್ತಿರೋದು ಎನ್‌ಎಫ್‌ಎಲ್ ಬಗ್ಗೆ. ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡೆದಾಡೋ ಆ ಅಮೆರಿಕನ್ ಫುಟ್‌ಬಾಲ್, 32 ಟೀಮು. ಆಟದ ರೂಲ್ಸ್ ಗೊತ್ತಿಲ್ದಿದ್ರೂ ಪರವಾಗಿಲ್ಲ, ಈ ಕಥೆಗೆ ಅದು ಬೇಕಾಗಲ್ಲ. ಇದು ಸಂಬಳದ ಕಥೆ, ಕೋರ್ಟಿನ ಕಥೆ.

ಓ, ನಮ್ಮ ಐಪಿಎಲ್ ಹರಾಜಿನ ಥರ ಅಂದ್ಕೊಂಡ್ರಾ? ಅಲ್ಲ. ಹರಾಜಲ್ಲಿ ಕೊನೆಗೆ ಯಾವ ಟೀಮು ಪ್ಯಾಡಲ್ ಎತ್ತುತ್ತೋ ಆಟಗಾರ ಅಲ್ಲಿಗೇ ಹೋಗಬೇಕು. ಅಮೆರಿಕದ ಮಾರ್ಚ್‌ನಲ್ಲಿ ಕಾಂಟ್ರಾಕ್ಟ್ ಮುಗಿದ ಆಟಗಾರನೇ ಕೂತು ಟೀಮನ್ನ ಆರಿಸ್ತಾನೆ. ಅದನ್ನ ಫ್ರೀ ಏಜೆನ್ಸಿ ಅಂತಾರೆ. ಲೀಗ್ ಹುಟ್ಟಿದ್ದು 1920ರಲ್ಲಿ. ಈ ಹಕ್ಕು ಸರಿಯಾಗಿ ಸಿಕ್ಕಿದ್ದು 1993ರಲ್ಲಿ. ನಡುವಿನ 73 ವರ್ಷ ಏನಾಯ್ತು ಅನ್ನೋದೇ ಈ ಸೀರೀಸ್.

(2/7)

ನೀವೇ ಆ ಕಾಲದ ಆಟಗಾರ ಅಂತ ಇಟ್ಕೊಳ್ಳಿ. ಕಾಲೇಜ್ ಮುಗಿಸಿದ್ರಿ. 1936ರಿಂದ ಡ್ರಾಫ್ಟ್ ಅನ್ನೋ ಪದ್ಧತಿ ಇದೆ, ಅದರಲ್ಲಿ ಯಾವ ಟೀಮು ನಿಮ್ಮ ಹೆಸರು ಕೂಗುತ್ತೋ ಅದರ ಜೊತೆ ಮಾತ್ರ ನೀವು ಮಾತಾಡಬಹುದು. ಸರಿ, ಸೇರಿದ್ರಿ. ಸಂಬಳ ಸಾಲಲ್ಲ ಅಂತ ಹೊಸ ಕಾಂಟ್ರಾಕ್ಟ್‌ಗೆ ಸಹಿ ಹಾಕಲಿಲ್ಲ. ಆಗ ಟೀಮು ಆಪ್ಷನ್ ಅನ್ನೋ ಕಲಮನ್ನ ತೆಗೀತಿತ್ತು: ಇನ್ನೊಂದು ವರ್ಷ ಇಲ್ಲೇ ಆಡು, ಹಿಂದಿನ ಸಂಬಳದ ಶೇ. 90ಕ್ಕೆ. ಜಾಸ್ತಿ ಕೇಳಿದ್ದಕ್ಕೆ ಶೇ. 10 ಕಟ್!

ಇದಕ್ಕೆ ಮೊದಲು ಎದುರು ನಿಂತವರಲ್ಲಿ ಒಬ್ಬ ಬಿಲ್ ರಾಡೊವಿಚ್. ಡೆಟ್ರಾಯಿಟ್ ಲಯನ್ಸ್ ಟೀಮಿನವನು. ಅವನ ತಂದೆಗೆ ಕ್ಯಾಲಿಫೋರ್ನಿಯಾದಲ್ಲಿ ಹುಷಾರಿರಲಿಲ್ಲ, ಹತ್ತಿರ ಇರೋಣ ಅಂತ ಲಾಸ್ ಏಂಜಲೀಸ್‌ಗೆ ಟ್ರೇಡ್ ಮಾಡಿ ಅಂದ. ಆಗಲ್ಲ ಅಂದ್ರು. 1946ರಲ್ಲಿ ಪ್ರತಿಸ್ಪರ್ಧಿ ಲೀಗಿನ ಲಾಸ್ ಏಂಜಲೀಸ್ ಡಾನ್ಸ್ ಟೀಮಿಗೆ ಹೋಗಿಬಿಟ್ಟ. ಎನ್‌ಎಫ್‌ಎಲ್ ಅವನ ಹೆಸರನ್ನ ಕಪ್ಪುಪಟ್ಟಿಗೆ ಸೇರಿಸ್ತು. ಎರಡು ವರ್ಷ ಆದ್ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಟೀಮಿನಲ್ಲಿ ಕೆಲಸ ಸಿಗೋ ಹಾಗಿತ್ತು, ಈ ಪಟ್ಟಿಯಿಂದಾಗಿ ಅದೂ ತಪ್ಪಿತು.

ಅವನು ಕೋರ್ಟಿಗೆ ಹೋದ. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಫುಟ್‌ಬಾಲ್ ಕೂಡ ವ್ಯಾಪಾರವೇ, ಏಕಸ್ವಾಮ್ಯ ವಿರೋಧಿ ಕಾನೂನು ಇದಕ್ಕೂ ಅನ್ವಯ. ಬಿಸಿನೆಸ್ ಲಾ ಪೇಪರ್‌ನಲ್ಲಿ ಕಾಂಪಿಟಿಷನ್ ಆಕ್ಟ್ ಓದ್ತೀವಲ್ಲ, ಅದರ ಅಮೆರಿಕದ ಹಿರಿಯಣ್ಣ, 1890ರ ಶೆರ್ಮನ್ ಕಾಯ್ದೆ. ಬೇಸ್‌ಬಾಲ್‌ಗೆ ಇದರಿಂದ 1922ರಲ್ಲೇ ವಿನಾಯಿತಿ ಸಿಕ್ಕಿತ್ತು. ಫುಟ್‌ಬಾಲ್‌ಗೆ ಸಿಗಲಿಲ್ಲ. ಈ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಎಲ್ಲಾ ಇದರ ಮೇಲೇ ನಿಂತಿದೆ.

(3/7)

ಆಪ್ಷನ್ ವರ್ಷವನ್ನೂ ಹಲ್ಲು ಕಚ್ಚಿ ಮುಗಿಸಿದ್ರೆ? ಆಗಲಾದ್ರೂ ಬಿಡುಗಡೆ ಅಲ್ವಾ? ಆರ್. ಸಿ. ಓವನ್ಸ್ ಅದನ್ನೇ ಮಾಡಿದ. ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್‌ನಲ್ಲಿ ಆಪ್ಷನ್ ಮುಗಿಸಿ 1962ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ಗೆ ಹೋದ. ಮಾಲೀಕರಿಗೆ ದಿಗಿಲಾಯ್ತು. ಮರುವರ್ಷವೇ ಹೊಸ ನಿಯಮ: ಆಟಗಾರ ಹೋಗಲಿ, ಆದ್ರೆ ಅವನನ್ನ ತಗೊಂಡ ಟೀಮು ಹಳೇ ಟೀಮಿಗೆ ಪರಿಹಾರ ಕೊಡಬೇಕು. ಎಷ್ಟು ಅಂತ ಇಬ್ಬರಲ್ಲಿ ಒಪ್ಪಂದ ಆಗ್ಲಿಲ್ಲ ಅಂದ್ರೆ ಲೀಗಿನ ಕಮಿಷನರ್ ಪೀಟ್ ರೊಝೆಲ್ ತೀರ್ಮಾನಿಸ್ತಾರೆ. ಹಾಗಾಗಿ ಇದಕ್ಕೆ ರೊಝೆಲ್ ರೂಲ್ ಅಂತಲೇ ಹೆಸರು ಬಿತ್ತು.

ಮೇಲ್ನೋಟಕ್ಕೆ ನ್ಯಾಯವಾಗೇ ಕಾಣುತ್ತೆ. ಕಾಮರ್ಸ್ ಕಣ್ಣಲ್ಲಿ ನೋಡಿ. ಅಂಗಡಿಗೆ ಹೋಗಿ ಒಂದು ವಸ್ತು ತಗೋತೀರಿ, ಬೆಲೆ ಮಾತ್ರ ಮನೆಗೆ ತಂದಮೇಲೆ ಗೊತ್ತಾಗುತ್ತೆ. ಅದೂ ಬೆಲೆ ಹೇಳೋನು ಅಂಗಡಿಯವರ ಸಂಘದ ಅಧ್ಯಕ್ಷ. ತಗೋತೀರಾ? 1968ರಲ್ಲಿ ಡೇವ್ ಪಾರ್ಕ್ಸ್ ಅನ್ನೋ ಆಟಗಾರನನ್ನ ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಗೊಂಡ್ರು. ರೊಝೆಲ್ ಹೇಳಿದ ಬೆಲೆ: ಸೇಂಟ್ಸ್ ಆಗಷ್ಟೇ ಮೊದಲ ಸುತ್ತಿನಲ್ಲಿ ಆರಿಸಿದ್ದ ಕೆವಿನ್ ಹಾರ್ಡಿ, ಅದರ ಜೊತೆಗೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆ. ಒಬ್ಬನಿಗೆ ಇಬ್ಬರು! ಆಮೇಲೆ ಯಾವ ಟೀಮಿಗೆ ಧೈರ್ಯ ಬರುತ್ತೆ ಹೇಳಿ.

ಕೋರ್ಟ್ ದಾಖಲೆಯಲ್ಲೇ ಲೆಕ್ಕ ಇದೆ. 1963ರಿಂದ 1974ರವರೆಗೆ ಆಪ್ಷನ್ ಮುಗಿಸಿದ ಆಟಗಾರರು 176. ಬೇರೆ ಟೀಮಿಗೆ ಹೋದವರು 34. ಅದರಲ್ಲಿ ರೊಝೆಲ್ ಬೆಲೆ ಕಟ್ಟಿದ್ದು ನಾಲ್ಕೇ ಸಲ. ನಾಲ್ಕೇ ಸಾಕಾಯ್ತು.

(4/7)

ಈಗ ಜಾನ್ ಮ್ಯಾಕಿ. ಈ ಹೆಸರಿಗೋಸ್ಕರವೇ ಈ ಸೀರೀಸ್ ಬರೆಯೋಕೆ ಕೂತಿದ್ದು.

ಬಾಲ್ಟಿಮೋರ್ ಕೋಲ್ಟ್ಸ್‌ನ ಟೈಟ್ ಎಂಡ್, ನಂಬರ್ 88. ಆ ಜಾಗದಲ್ಲಿ ಆಡೋರು ಅಲ್ಲಿಯವರೆಗೆ ಮುಖ್ಯವಾಗಿ ಎದುರಾಳಿಗಳನ್ನ ತಡೆಯೋ ಕೆಲಸ ಮಾಡ್ತಿದ್ರು. ಮ್ಯಾಕಿ ಚೆಂಡು ಹಿಡಿದು ಓಡೋಕೆ ಶುರು ಮಾಡಿದ, ಅಡ್ಡ ಬಂದವರ ಮೇಲೇ ಹಾಯ್ದು ಹೋಗ್ತಿದ್ದ. 1971ರ ಜನವರಿಯ ಸೂಪರ್ ಬೌಲ್‌ನಲ್ಲಿ 75 ಗಜದ ಟಚ್‌ಡೌನ್ ಅವನದ್ದು.

1970ರಲ್ಲಿ ಎರಡು ಲೀಗುಗಳು ಒಂದಾದಾಗ ಆಟಗಾರರ ಸಂಘಕ್ಕೆ ಅವನೇ ಅಧ್ಯಕ್ಷ. 1972ರಲ್ಲಿ ಅವನ ಹೆಸರಲ್ಲೇ ರೊಝೆಲ್ ರೂಲ್ ವಿರುದ್ಧ ದಾವೆ ಹೂಡಿದ್ರು. ಅದೇ ವರ್ಷ ಅವನ ಕೊನೆಯ ಸೀಸನ್ನೂ ಆಯ್ತು. ಅಂದ್ರೆ ಗೆದ್ರೂ ಅವನಿಗೆ ಹೋಗೋಕೆ ಟೀಮಿಲ್ಲ. ಆದ್ರೂ ಬಿಡಲಿಲ್ಲ. 1975ರ ಡಿಸೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ನ್ಯಾಯಾಧೀಶ ಅರ್ಲ್ ಲಾರ್ಸನ್ ಅವನ ಪರ ತೀರ್ಪು ಕೊಟ್ರು, 1976ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಈ ನಿಯಮ ಶೆರ್ಮನ್ ಕಾಯ್ದೆಗೆ ವಿರುದ್ಧ ಅಂತು.

ಇಲ್ಲಿಗೆ ಕಥೆ ಮುಗೀಬೇಕಿತ್ತು, ಮುಗೀಲಿಲ್ಲ. ಸಂಘದ ಹತ್ರ ದುಡ್ಡಿರಲಿಲ್ಲ, ಬಲವೂ ಇರಲಿಲ್ಲ. 1977ರ ಒಪ್ಪಂದದಲ್ಲಿ ಕೋರ್ಟ್ ಕೊಟ್ಟಿದ್ದನ್ನ ಮೇಜಿನ ಮೇಲೆ ವಾಪಸ್ ಕೊಟ್ಟರು. ಹೊಸ ನಿಯಮದಲ್ಲೂ ಪರಿಹಾರ ಇತ್ತು, ಡ್ರಾಫ್ಟ್ ಆಯ್ಕೆಗಳ ರೂಪದಲ್ಲಿ. ಮೇಲಿಂದ, ಹೊರಗಿನ ಆಫರ್‌ಗೆ ಸಮ ಮಾಡಿ ಆಟಗಾರನನ್ನ ಉಳಿಸ್ಕೊಳ್ಳೋ ಹಕ್ಕೂ ಹಳೇ ಟೀಮಿಗೆ ಸಿಕ್ತು. ಐಪಿಎಲ್‌ನ ಆರ್‌ಟಿಎಂ ಕಾರ್ಡ್ ನೆನಪಾಯ್ತಾ? ಅದೇ ಜಾತಿ. ಪರಿಣಾಮ ಏನು ಗೊತ್ತಾ? ಮುಂದಿನ ಸುಮಾರು 11 ವರ್ಷ ಈ ದಾರಿಯಲ್ಲಿ ಟೀಮ್ ಬದಲಿಸಿದವರು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. 1988ರಲ್ಲಿ ಶಿಕಾಗೋ ಬೇರ್ಸ್‌ನ ವಿಲ್ಬರ್ ಮಾರ್ಷಲ್‌ನನ್ನ ವಾಷಿಂಗ್ಟನ್ ಟೀಮು ತಗೊಂಡಾಗಲೇ ಈ ಬೀಗ ಮುರಿದಿದ್ದು, ಅದಕ್ಕೂ ಎರಡು ಮೊದಲ ಸುತ್ತಿನ ಆಯ್ಕೆಗಳ ದಂಡ.

(5/7)

1982ರಲ್ಲಿ 57 ದಿನ ಮುಷ್ಕರ ಆಯ್ತು, ಅದನ್ನ ಇಲ್ಲಿ ಬಿಡ್ತೀನಿ. 1987ರದ್ದು ಮುಖ್ಯ, ಯಾಕಂದ್ರೆ ಆಗ ಕೇಳಿದ್ದೇ ಫ್ರೀ ಏಜೆನ್ಸಿ. ಮಾಲೀಕರು ಸಿಕ್ಕಸಿಕ್ಕವರನ್ನ ಬದಲಿ ಆಟಗಾರರಾಗಿ ಇಳಿಸಿ ಮೂರು ವಾರ ಪಂದ್ಯ ನಡೆಸೇಬಿಟ್ರು, ಟಿವಿಯಲ್ಲೂ ಬಂತು. 24 ದಿನಕ್ಕೆ ಆಟಗಾರರು ಬರಿಗೈಯಲ್ಲಿ ವಾಪಸ್.

ಸಂಘ ಮತ್ತೆ ಕೋರ್ಟಿಗೆ ಹೋಯ್ತು. 1989ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿದ್ದು ಕೇಳಿದ್ರೆ ತಲೆ ಕೆರ್ಕೋತೀರಿ: ನೀವು ಸಂಘವಾಗಿ ಮಾಲೀಕರ ಜೊತೆ ಚೌಕಾಸಿ ಮಾಡೋ ಸಂಬಂಧ ಇರೋವರೆಗೆ ಇದು ಕಾರ್ಮಿಕ ಕಾನೂನಿನ ವಿಷಯ, ಏಕಸ್ವಾಮ್ಯದ ದಾವೆ ನಡೆಯಲ್ಲ. ಸಂಘ ಏನು ಮಾಡ್ತು? ತಾನು ಇನ್ನು ಕಾರ್ಮಿಕ ಸಂಘವೇ ಅಲ್ಲ ಅಂತ ಘೋಷಿಸ್ಕೊಳ್ತು! ಗೆಲ್ಲೋಕೋಸ್ಕರ ತನ್ನನ್ನೇ ವಿಸರ್ಜಿಸ್ಕೊಂಡ ಸಂಘ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ನಡೆ ಇದು.

ಅಷ್ಟರಲ್ಲಿ ಮಾಲೀಕರು ಪ್ಲಾನ್ ಬಿ ಅಂತ ತಂದಿದ್ರು. ಪ್ರತಿ ಟೀಮು 37 ಜನರನ್ನ ಕಟ್ಟಿಹಾಕ್ಕೊಳ್ಳಬಹುದು, ಉಳಿದವರು ಎಲ್ಲಿಗಾದ್ರೂ ಹೋಗಲಿ. ಚೆನ್ನಾಗಿ ಆಡೋನಿಗೆ ಬೇಡಿ, ಬೆಂಚಲ್ಲಿ ಕೂರೋನಿಗೆ ಸ್ವಾತಂತ್ರ್ಯ. ನ್ಯೂಯಾರ್ಕ್ ಜೆಟ್ಸ್‌ನ ರನ್ನಿಂಗ್ ಬ್ಯಾಕ್ ಫ್ರೀಮನ್ ಮೆಕ್‌ನೀಲ್ ಮತ್ತು ಇನ್ನೂ ಏಳು ಜನ ದಾವೆ ಹಾಕಿದ್ರು. 1992ರ ಸೆಪ್ಟೆಂಬರ್ 10ರಂದು, ಮತ್ತೆ ಅದೇ ಮಿನಿಯಾಪೊಲಿಸ್‌ನಲ್ಲಿ, ಜ್ಯೂರಿ ಹೇಳ್ತು: ಪ್ಲಾನ್ ಬಿ ಕಾನೂನುಬಾಹಿರ.

ಆಮೇಲೆ ಎಲ್ಲಾ ಬೇಗ ಬೇಗ. ಅದೇ ತಿಂಗಳು ನ್ಯಾಯಾಧೀಶ ಡೇವಿಡ್ ಡೋಟಿ ನಾಲ್ಕು ಆಟಗಾರರಿಗೆ ಐದು ದಿನದ ಬಿಡುಗಡೆ ಕೊಟ್ರು. ಫಿಲಡೆಲ್ಫಿಯಾದ ಕೀತ್ ಜಾಕ್ಸನ್ ಆ ಐದು ದಿನದಲ್ಲೇ ಮಯಾಮಿ ಡಾಲ್ಫಿನ್ಸ್ ಸೇರಿಬಿಟ್ಟ. ಅದೇ ಫಿಲಡೆಲ್ಫಿಯಾದ ರೆಜಿ ವೈಟ್ ಎಲ್ಲಾ ಆಟಗಾರರ ಪರವಾಗಿ ಇನ್ನೊಂದು ದಾವೆಗೆ ಹೆಸರು ಕೊಟ್ಟ. ಮಾಲೀಕರು ರಾಜಿಗೆ ಬಂದ್ರು.

(6/7)

1993ರ ಮಾರ್ಚ್. ಮೊದಲ ನಿಜವಾದ ಮಾರುಕಟ್ಟೆ. ರೆಜಿ ವೈಟ್ ಆಗ ಕ್ವಾರ್ಟರ್‌ಬ್ಯಾಕ್‌ಗಳನ್ನ ನೆಲಕ್ಕೆ ಕೆಡವೋದ್ರಲ್ಲಿ ಲೀಗಿಗೇ ದೊಡ್ಡ ಹೆಸರು, ಜೊತೆಗೆ ದೀಕ್ಷೆ ಪಡೆದ ಪಾದ್ರಿ. ಟೀಮುಗಳು ಒಂದಾದ ಮೇಲೊಂದು ಅವನನ್ನ ಊರಿಗೆ ಕರೆಸ್ಕೊಂಡು ಉಪಚಾರ ಮಾಡಿದ್ವು. ದೊಡ್ಡ ನಗರಕ್ಕೇ ಹೋಗ್ತಾನೆ ಅಂತ ಎಲ್ಲರ ಲೆಕ್ಕ.

ಏಪ್ರಿಲ್ 6ಕ್ಕೆ ಅವನು ಸೈನ್ ಮಾಡಿದ್ದು ಗ್ರೀನ್ ಬೇ ಪ್ಯಾಕರ್ಸ್‌ಗೆ. ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್. ಗ್ರೀನ್ ಬೇ ಅಂದ್ರೆ ಲಕ್ಷದ ಆಸುಪಾಸಿನ ಜನಸಂಖ್ಯೆಯ, ಹಿಮ ಬೀಳೋ ಊರು. ಕಪ್ಪು ಜನ ತೀರಾ ಕಡಿಮೆ. ಟೀಮಿಗೆ ಒಬ್ಬ ಮಾಲೀಕ ಅಂತಲೂ ಇಲ್ಲ, ಊರಿನ ಜನ ಮತ್ತು ಅಭಿಮಾನಿಗಳೇ ಷೇರುದಾರರು (ಆ ಷೇರಿಗೆ ಡಿವಿಡೆಂಡ್ ಇಲ್ಲ, ಮಾರುಕಟ್ಟೆಯಲ್ಲಿ ಮಾರೋ ಹಾಗೂ ಇಲ್ಲ, ಅದೇ ಬೇರೆ ಪೋಸ್ಟ್ ಆಗುತ್ತೆ). ಅಲ್ಲಿವರೆಗೆ ಮಾಲೀಕರ ವಾದ ಏನಿತ್ತು? ಆಟಗಾರರನ್ನ ಬಿಟ್ರೆ ಎಲ್ಲಾ ದೊಡ್ಡ ಊರುಗಳಿಗೆ ಓಡ್ತಾರೆ, ಸಣ್ಣ ಟೀಮು ಸಾಯುತ್ತೆ ಅಂತ. ಮೊದಲ ದೊಡ್ಡ ಸೈನಿಂಗೇ ಅದನ್ನ ತಲೆಕೆಳಗು ಮಾಡ್ತು. 1997ರ ಜನವರಿಯಲ್ಲಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದರು, 1968ರ ನಂತರ ಮೊದಲ ಸಲ. ಆ ಪಂದ್ಯದಲ್ಲಿ ವೈಟ್ ಮೂರು ಸಲ ಕ್ವಾರ್ಟರ್‌ಬ್ಯಾಕ್‌ನ ಕೆಡವಿದ.

(7/7)

ಮಾಲೀಕರು ಪುಕ್ಕಟೆ ಕೊಟ್ರಾ? ಇಲ್ಲ. ಬದಲಿಗೆ ಸ್ಯಾಲರಿ ಕ್ಯಾಪ್ ತಗೊಂಡ್ರು. ಒಂದು ಟೀಮು ಆಟಗಾರರ ಮೇಲೆ ಖರ್ಚು ಮಾಡೋಕೆ ವರ್ಷಕ್ಕೊಂದು ಮಿತಿ. 1994ರಲ್ಲಿ 3.46 ಕೋಟಿ ಡಾಲರ್, 2025ರಲ್ಲಿ 27.92 ಕೋಟಿ.

ಬಿಕಾಂನವರೇ, ಇಲ್ಲಿ ಸ್ವಲ್ಪ ನಿಲ್ಲಿ. ಡಿಫರ್ಡ್ ರೆವೆನ್ಯೂ ಎಕ್ಸ್‌ಪೆಂಡಿಚರ್ ನೆನಪಿದ್ಯಾ? ಇವತ್ತು ಕೊಟ್ಟ ಜಾಹೀರಾತಿನ ದುಡ್ಡನ್ನ ಪುಸ್ತಕದಲ್ಲಿ ನಾಲ್ಕೈದು ವರ್ಷಕ್ಕೆ ಹಂಚೋದು. ಎನ್‌ಎಫ್‌ಎಲ್ ಟೀಮುಗಳು ಸೈನಿಂಗ್ ಬೋನಸ್‌ಗೆ ಮಾಡೋದು ಇದನ್ನೇ. ಐದು ವರ್ಷದ ಕಾಂಟ್ರಾಕ್ಟ್, 5 ಕೋಟಿ ಬೋನಸ್ ಅಂದ್ಕೊಳ್ಳಿ. ಆಟಗಾರನ ಕೈಗೆ ದುಡ್ಡು ಮೊದಲೇ ಸೇರುತ್ತೆ, ಕ್ಯಾಪ್ ಲೆಕ್ಕದಲ್ಲಿ ಮಾತ್ರ ವರ್ಷಕ್ಕೆ 1 ಕೋಟಿ. ಎರಡು ವರ್ಷಕ್ಕೇ ಅವನನ್ನ ಕೈಬಿಟ್ರೆ ಉಳಿದ 3 ಕೋಟಿ ಬಂದು ತಲೆ ಮೇಲೆ ಬೀಳುತ್ತೆ. ಅದಕ್ಕೆ ಡೆಡ್ ಮನಿ ಅಂತಾರೆ. 2024ರ ಮಾರ್ಚ್‌ನಲ್ಲಿ ಡೆನ್ವರ್ ಬ್ರಾಂಕೋಸ್ ರಸೆಲ್ ವಿಲ್ಸನ್‌ನ ಬಿಟ್ಟಾಗ ಇದು ಎರಡು ವರ್ಷ ಸೇರಿ 8.5 ಕೋಟಿ ಡಾಲರ್ ಆಯ್ತು. ಪ್ರತಿ ಮಾರ್ಚ್‌ನಲ್ಲಿ ಒಳ್ಳೇ ಆಟಗಾರನನ್ನ ಯಾಕಪ್ಪಾ ಬಿಟ್ರು ಅನ್ಸಿದ್ರೆ ಉತ್ತರ ಹೆಚ್ಚಾಗಿ ಈ ಲೆಡ್ಜರ್‌ನಲ್ಲೇ ಇರುತ್ತೆ.

ಇನ್ನೊಂದು ಹಗ್ಗವನ್ನೂ ಮಾಲೀಕರು ಉಳಿಸ್ಕೊಂಡ್ರು: ಫ್ರಾಂಚೈಸ್ ಟ್ಯಾಗ್. ಟೀಮು ವರ್ಷಕ್ಕೊಬ್ಬನಿಗೆ ಆ ಪಟ್ಟಿ ಅಂಟಿಸಿ, ಒಳ್ಳೇ ಸಂಬಳ ಕೊಟ್ಟು, ಒಂದೇ ವರ್ಷಕ್ಕೆ ಹಿಡಿದಿಟ್ಕೊಳ್ಳಬಹುದು. 2018ರಲ್ಲಿ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಇದಕ್ಕೆ ಸಹಿ ಹಾಕಲ್ಲ ಅಂತ ಇಡೀ ಸೀಸನ್ ಮನೇಲಿ ಕೂತ. ಬಿಟ್ಟಿದ್ದು 1.45 ಕೋಟಿ ಡಾಲರ್. ಹುಚ್ಚು ಅಂದವರು ಬಹಳ. ಮಂಡಿ ಒಂದು ಸಲ ಹೋದ್ರೆ ಮುಗಿಯೋ ಕೆಲಸದಲ್ಲಿ ಒಂದು ವರ್ಷದ ದೊಡ್ಡ ಸಂಬಳಕ್ಕಿಂತ ಹಲವು ವರ್ಷದ ಗ್ಯಾರಂಟಿ ಕೇಳೋದು ಹುಚ್ಚು ಅಂತ ನನಗೇನೋ ಅನ್ಸಲ್ಲ.

ಹೋರಾಡಿದವರಿಗೆ ಏನು ಸಿಕ್ತು ಅಂತ ನೀವು ಕೇಳೇ ಕೇಳ್ತೀರಿ. ಜಾನ್ ಮ್ಯಾಕಿಯ ಹೆಸರು ಹಾಲ್ ಆಫ್ ಫೇಮ್‌ಗೆ ಸೇರಿದ್ದು 1992ರಲ್ಲಿ, ಆಟ ಬಿಟ್ಟು 20 ವರ್ಷ ಆದ್ಮೇಲೆ. ಸಂಘದ ಕೆಲಸಕ್ಕೆ ಕೊಟ್ಟ ಶಿಕ್ಷೆ ಅದು ಅಂತ ಅವನ ಜೊತೆಗಾರರು ಅನೇಕರು ನಂಬಿದ್ರು. ಕೊನೆಗಾಲದಲ್ಲಿ ಡಿಮೆನ್ಷಿಯಾ ಬಂತು. ಹೆಂಡತಿ ಸಿಲ್ವಿಯಾ ಲೀಗಿಗೆ ಪತ್ರ ಬರೆದ್ರು. 2007ರಲ್ಲಿ ಲೀಗೂ ಸಂಘವೂ ಸೇರಿ ಇಂಥ ಮಾಜಿ ಆಟಗಾರರ ಆರೈಕೆಗೆ ವರ್ಷಕ್ಕೆ 88,000 ಡಾಲರ್‌ವರೆಗೆ ಕೊಡೋ ಯೋಜನೆ ತಂದ್ರು. ಅದರ ಹೆಸರು 88 ಪ್ಲಾನ್, ಅವನ ಜೆರ್ಸಿ ನಂಬರ್. 2011ರಲ್ಲಿ ಅವನು ತೀರಿಕೊಂಡ.

ಫ್ರೀಮನ್ ಮೆಕ್‌ನೀಲ್? ಜ್ಯೂರಿ ಎಂಟು ಜನರಲ್ಲಿ ನಾಲ್ಕು ಜನಕ್ಕೆ ನಷ್ಟ ಪರಿಹಾರ ಕೊಡಿಸ್ತು, ಆ ನಾಲ್ಕರಲ್ಲಿ ಅವನಿರಲಿಲ್ಲ. 1981ರಿಂದ ಜೆಟ್ಸ್‌ನಲ್ಲೇ ಆಡಿದ. ಅವನ ಕೊನೆಯ ಸೀಸನ್ 1992ರದ್ದು, ಬಾಗಿಲು ತೆರೆದಿದ್ದು 1993ರ ಮಾರ್ಚ್‌ಗೆ. ಬೇರೆ ಟೀಮಿನ ಜೆರ್ಸಿ ಅವನು ಯಾವತ್ತೂ ಹಾಕಲಿಲ್ಲ.