ಎಸ್ಟೋನಿಯಾದ ‘ಹುಲಿನೆಗೆತ’

ಹೊಸ ಉಪಕರಣವೊಂದು ಪಾಠಶಾಲೆಯ ಬಾಗಿಲಿಗೆ ಬಂದಾಗ ಅದನ್ನು ಒಳಗೆ ಬರಮಾಡಿಕೊಳ್ಳತಕ್ಕವರು ಯಾರು? ರಾಜಶಕ್ತಿಯೇ, ಧನಬಲವೇ, ಅಥವಾ ಉಪಾಧ್ಯಾಯನೇ? ಬಾಲ್ಟಿಕ್ ಸಮುದ್ರತೀರದ ಎಸ್ಟೋನಿಯಾ ಎಂಬ ಕಿರುದೇಶದ ವಿದ್ಯಾಭ್ಯಾಸಚರಿತ್ರೆಯು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ.

ಆ ನಾಡು ಸ್ವೀಡನ್ನಿನ ಆಳಿಕೆಯಲ್ಲಿದ್ದಾಗ, 1684ರಲ್ಲಿ, ಫೋರ್ಸೇಲಿಯಸ್ ಎಂಬ ವಿದ್ವಾಂಸನು ಟಾರ್ಟು ನಗರದ ಬಳಿ ಉಪಾಧ್ಯಾಯರನ್ನು ತಯಾರುಮಾಡುವ ಶಾಲೆಯೊಂದನ್ನು ತೆರೆದನು. ರೈತರ ಮಕ್ಕಳು ತಾಯ್ನುಡಿಯಲ್ಲಿಯೇ ಓದು ಕಲಿಯಬೇಕೆಂಬುದು ಅವನ ಸಂಕಲ್ಪ. ಅದಕ್ಕಾಗಿ ಬರೆಹದ ಕ್ರಮವನ್ನು ಸುಲಭಗೊಳಿಸಿ ಬಾಲಬೋಧೆಯನ್ನೂ ರಚಿಸಿದನು. 1688ರಲ್ಲಿ ಅವನು ಕಡಲಿನ ಪಾಲಾದನು, ಶಾಲೆಯೂ ಮುಚ್ಚಿತು. ಆದರೆ ಅಲ್ಲಿ ಕಲಿತ ಸುಮಾರು 160 ಮಂದಿಯಲ್ಲಿ ಅನೇಕರು ಹಳ್ಳಿಗಳಲ್ಲಿ ಪಾಠ ಹೇಳತೊಡಗಿದ್ದರು. ಪುಸ್ತಕಕ್ಕೆ ಮುನ್ನ ಓದಿಸತಕ್ಕವನು ಬೇಕೆಂಬ ತತ್ತ್ವವನ್ನು ಆ ನಾಡು ಅಂದೇ ಕಂಡುಕೊಂಡಿತೆನ್ನಬಹುದು.

ಮೂರು ಶತಮಾನಗಳ ತರುವಾಯ ಇದೇ ತತ್ತ್ವವು ಮತ್ತೆ ಪರೀಕ್ಷೆಗೆ ಒಳಗಾಯಿತು. 1985ರಲ್ಲಿ ಸೋವಿಯತ್ ಸರಕಾರವು ಪ್ರೌಢಶಾಲೆಗಳಲ್ಲಿ ಗಣಕಶಾಸ್ತ್ರವನ್ನು ಪಠ್ಯವಿಷಯವನ್ನಾಗಿ ವಿಧಿಸಿತು. ಆಜ್ಞೆಯೇನೋ ಹೊರಟಿತು, ಹೆಚ್ಚಿನ ಶಾಲೆಗಳಲ್ಲಿ ಯಂತ್ರವೇ ಇರಲಿಲ್ಲ. ಎಷ್ಟೋ ಮಕ್ಕಳು ಕಾಗದದ ಮೇಲೆಯೇ ಗಣಕವನ್ನು ಕಲಿತರು! 1991ರಲ್ಲಿ ಎಸ್ಟೋನಿಯಾ ಮರಳಿ ಸ್ವತಂತ್ರವಾದಾಗ ಅದರ ಬೊಕ್ಕಸವು ಬಡವಾಗಿತ್ತು.

ಆ ಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಅದರ ರಾಯಭಾರಿಯಾಗಿದ್ದವರು ತೂಮಾಸ್ ಹೆಂಡ್ರಿಕ್ ಇಲ್ವೆಸರು. ಅವರು ಬೆಳೆದುದು ಅಮೆರಿಕಾದ ನ್ಯೂಜರ್ಸಿಯಲ್ಲಿ. ಅಲ್ಲಿಯ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯಿನಿಯೊಬ್ಬರು ಪ್ರಯೋಗಾರ್ಥವಾಗಿ ಕೆಲವು ಮಕ್ಕಳಿಗೆ ಗಣಕಕ್ಕೆ ಆದೇಶ ಬರೆಯುವುದನ್ನು ಕಲಿಸಿದ್ದರು. ಆ ಪಾಠವನ್ನು ಮರೆಯದ ಇಲ್ವೆಸರು, ನಾಡಿನ ಶಾಲೆಗಳಿಗೆಲ್ಲ ಗಣಕವನ್ನೂ ಅಂತರ್ಜಾಲವನ್ನೂ ಒದಗಿಸಬೇಕೆಂದು ವಾದಿಸಿದರು. ವಿದ್ಯಾಮಂತ್ರಿ ಯಾಕ್ ಆವಿಕ್ಸೂ ಅವರು ಇದಕ್ಕೆ ಒತ್ತಾಸೆಯಾದರು. 1996ರ ಫೆಬ್ರವರಿ 21ರಂದು ಅಧ್ಯಕ್ಷ ಲೆನಾರ್ಟ್ ಮೆರಿಯವರು ‘ಹುಲಿನೆಗೆತ’ವೆಂಬ ಹೆಸರಿನಿಂದ ಈ ಯೋಜನೆಯನ್ನು ಸಾರಿದರು. 1997ರಲ್ಲಿ ಅದಕ್ಕೊಂದು ಪ್ರತಿಷ್ಠಾನವೂ ಏರ್ಪಟ್ಟಿತು.

ವಿರೋಧವಿಲ್ಲದಿರಲಿಲ್ಲ. ಉಪಾಧ್ಯಾಯವರ್ಗದಿಂದಲೇ ಕಟುಟೀಕೆ ಬಂದಿತೆಂದು ಇಲ್ವೆಸರು ಮುಂದೆ ಸ್ಮರಿಸಿಕೊಂಡಿದ್ದಾರೆ. ಸಂಬಳವೇ ಸಾಲದ ಕಾಲದಲ್ಲಿ ಯಂತ್ರವೇಕೆ ಎಂದು ಕೇಳುವುದು ಸಹಜವಷ್ಟೆ. ಆದರೆ ಯೋಜಕರು ಕೇವಲ ಯಂತ್ರಗಳನ್ನು ಹಂಚಿ ಕೈತೊಳೆದುಕೊಳ್ಳಲಿಲ್ಲ. ಸಹಸ್ರಾರು ಉಪಾಧ್ಯಾಯರಿಗೆ ಶಿಕ್ಷಣವನ್ನು ಏರ್ಪಡಿಸಿದರು. ಯಂತ್ರಗಳ ವೆಚ್ಚದಲ್ಲಿ ಸ್ಥಳೀಯಸಂಸ್ಥೆಗಳೂ ಪಾಲು ಹೊರಬೇಕಾಗಿತ್ತು. ಆದಕಾರಣ ಮುಖ್ಯೋಪಾಧ್ಯಾಯನು ಕೈಕಟ್ಟಿ ಕುಳಿತರೆ ಸಾಗುವಂತಿರಲಿಲ್ಲ. ಊರವರನ್ನು ಒಪ್ಪಿಸುವುದು, ಸಹೋದ್ಯೋಗಿಗಳ ಅಂಜಿಕೆಯನ್ನು ಬಿಡಿಸುವುದು, ಯಂತ್ರವನ್ನು ಬೀಗದ ಕೋಣೆಯಿಂದ ಪಾಠದ ನಡುವೆ ತರುವುದು, ಇವೆಲ್ಲವೂ ಅವನ ಹೊಣೆಯೇ ಸರಿ. ಶತಮಾನವು ಮುಗಿಯುವಷ್ಟರಲ್ಲಿ ಬಹುಪಾಲು ಶಾಲೆಗಳಿಗೆ ಅಂತರ್ಜಾಲವು ಮುಟ್ಟಿತ್ತು. 2002ರಲ್ಲಿ ಹೊರಟ ‘ಎ-ಕೋಲ್’ ಎಂಬ ವ್ಯವಸ್ಥೆಯಿಂದ ತಾಯಿತಂದೆಗಳು ಮಕ್ಕಳ ಹಾಜರಿಯನ್ನೂ ಅಂಕಗಳನ್ನೂ ಮನೆಯಲ್ಲಿಯೇ ನೋಡುವಂತಾಯಿತು.

2018ರ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಎಸ್ಟೋನಿಯಾದ ಮಕ್ಕಳು ಯೂರೋಪಿನಲ್ಲಿಯೇ ಅಗ್ರಸ್ಥಾನವನ್ನು ಪಡೆದರು. ಇದಕ್ಕೆ ಗಣಕವೊಂದೇ ಕಾರಣವೆನ್ನುವುದು ದುಡುಕಾದೀತು. ಓದಿನ ಹಳೆಯ ಗೌರವವೂ ಶಾಲೆಗಳ ಸ್ವಾತಂತ್ರ್ಯವೂ ಅದರ ಹಿಂದಿವೆ. ಆದರೂ ಒಂದು ಮಾತು ನಿಶ್ಚಯ. ಎಲ್ಲಿಯೋ ಒಬ್ಬ ಉಪಾಧ್ಯಾಯಿನಿಯು ಧೈರ್ಯದಿಂದ ಹೇಳಿಕೊಟ್ಟ ಪಾಠವು, ಕಾಲು ಶತಮಾನದ ಬಳಿಕ, ಸಮುದ್ರದಾಚೆಯ ನಾಡೊಂದರಲ್ಲಿ ಫಲಕೊಟ್ಟಿತು. ಹುಲಿಯ ನೆಗೆತವು ಲೋಕಕ್ಕೆ ಕಾಣುತ್ತದೆ. ನೆಗೆಯಲು ಕಲಿಸಿದವರು ಕಾಣುವುದಿಲ್ಲ. ಅವರನ್ನು ನೆನೆಯುವುದೂ ಚರಿತ್ರೆಯ ಕೆಲಸವಲ್ಲವೆ?