ಬರಿಗಾಲ ಓಟಗಾರರು ಮತ್ತು ಪುಣೆಯ ಗಡಿಯಾರ

ಕರ್ನಾಟಕದ ಅಥ್ಲೆಟಿಕ್ಸ್ ಎಂದೊಡನೆ ನೆನಪಿಗೆ ಬರುವ ಹೆಸರುಗಳಲ್ಲಿ ಹೆಚ್ಚಿನವು ಬೆಂಗಳೂರು, ಮೈಸೂರು, ಕೊಡಗು ಹಾಗೂ ಕರಾವಳಿಯ ಕಡೆಯವು. ಆದರೆ ಕನ್ನಡ ನೆಲದ ಓಟ ಒಲಿಂಪಿಕ್ಸ್ ಮುಟ್ಟಿದ್ದು ಉತ್ತರದ ದಾರಿಯಿಂದ. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನಡೆದ ಕ್ರೀಡಾಕೂಟಕ್ಕೆ ಹೋದ ಭಾರತ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅದಕ್ಕೂ ಮೊದಲು, 1900ರ ಪ್ಯಾರಿಸ್ ಕೂಟದಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಭಾರತದ ಹೆಸರಿನಲ್ಲಿ ಓಡಿದ್ದರು. ತಂಡವೆಂಬುದು ಹೊರಟದ್ದು 1920ರಲ್ಲೇ ಮೊದಲು.

ಆಗ ಬೆಳಗಾವಿಯಂತೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕೂಡ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಧಾರವಾಡ ಜಿಲ್ಲೆಯ ಈ ಮೂರು ಊರುಗಳಿಗೂ ಪುಣೆಯೇ ದೊಡ್ಡ ಪೇಟೆ, ದೊಡ್ಡ ವಿದ್ಯಾಕೇಂದ್ರ. ಹಾವೇರಿ, ರಾಣೆಬೆನ್ನೂರುಗಳು ಪುಣೆ-ಬೆಂಗಳೂರು ರಸ್ತೆಯ ಮೇಲಿವೆ. ಬ್ಯಾಡಗಿ ಆ ರಸ್ತೆಯ ಮೋಟೆಬೆನ್ನೂರಿನಿಂದ ಕೊಂಚ ಒಳಗೆ, ಹುಬ್ಬಳ್ಳಿ-ಹರಿಹರ ರೈಲು ಮಾರ್ಗದಲ್ಲಿದೆ.

ಚೌಗುಲೆಯವರ ಕಥೆ ತಿರುವು ಪಡೆದದ್ದು ಪುಣೆಯಲ್ಲೇ. ಅಲ್ಲಿನ ಡೆಕ್ಕನ್ ಜಿಮ್ಖಾನದ ಅಧ್ಯಕ್ಷರಾಗಿದ್ದ ಉದ್ಯಮಿ ದೊರಾಬ್ಜಿ ಟಾಟಾ, ಸಂಸ್ಥೆಯ ಕ್ರೀಡಾಕೂಟದಲ್ಲಿ ದೂರದ ಓಟಗಳನ್ನು ಕಂಡು ಬೆರಗಾದರು. ಓಡುತ್ತಿದ್ದವರಲ್ಲಿ ಬಹುತೇಕರು ಒಕ್ಕಲು ಮಕ್ಕಳು. ಕಾಲಿಗೆ ಬೂಟಿಲ್ಲ, ತರಬೇತಿಯ ಹೆಸರೂ ಗೊತ್ತಿಲ್ಲ. ಆದರೂ ಗಡಿಯಾರ ಹಿಡಿದು ನೋಡಿದಾಗ ಕೆಲವರ ವೇಳೆ ಯೂರೋಪಿನ ಓಟಗಾರರ ವೇಳೆಗೆ ಹೋಲಿಸುವಂತಿತ್ತು. ಇವರನ್ನು ಒಲಿಂಪಿಕ್ಸ್‌ಗೆ ಏಕೆ ಕಳಿಸಬಾರದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಟಾಟಾ ವೆಚ್ಚಕ್ಕೂ ನೆರವಾದರು. 1927ರಲ್ಲಿ ಸ್ಥಾಪನೆಯಾದ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಅವರೇ ಮೊದಲ ಅಧ್ಯಕ್ಷರಾದರು.

ಆಂಟ್‌ವರ್ಪ್‌ನ ಮ್ಯಾರಥಾನ್ ಸಾಮಾನ್ಯ ಮ್ಯಾರಥಾನ್ ಆಗಿರಲಿಲ್ಲ. ಅದರ ದೂರ 42.75 ಕಿಲೋಮೀಟರ್, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಅದೇ ಓಟಕ್ಕಿಳಿದಿದ್ದ ಭಾರತದ ಇನ್ನೊಬ್ಬ ಓಟಗಾರ ಸದಾಶಿವ ದಾತಾರ್ ಗುರಿ ಮುಟ್ಟಲಾಗಲಿಲ್ಲ. ಪದಕ ಬಾರದ ಆ ಓಟ ಇಂದಿಗೂ ದಾಖಲೆಯಲ್ಲಿ ಉಳಿದಿರುವುದು ದಶಾಂಶ ಸೆಕೆಂಡನ್ನೂ ಯಾರೋ ಬರೆದಿಟ್ಟಿದ್ದರಿಂದ.

ಪಟ್ಟಿಗೆ ಸೇರಿದ ಹೆಸರು

ಬರೆದಿಟ್ಟರೆ ಮಾತ್ರ ಉಳಿಯುತ್ತದೆ ಎಂಬುದಕ್ಕೆ ಬ್ಯಾಡಗಿ ತಾಲ್ಲೂಕೇ ಇನ್ನೊಂದು ಸಾಕ್ಷಿ ನೀಡುತ್ತದೆ. ಅದು ಕ್ರೀಡೆಯಲ್ಲ, ಆದರೆ ಕಾಲಿನ ಕಸುವಿನ ಮಾತು ಹೌದು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಗಾಂಧೀಜಿಯ ಹಿಂದೆ ಸುಮಾರು 385 ಕಿಲೋಮೀಟರ್ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಕರ್ನಾಟಕದ ಏಕೈಕ ಪ್ರತಿನಿಧಿ. ಸತ್ಯಾಗ್ರಹಿಗಳ ಪಟ್ಟಿಯಲ್ಲಿ ಅವರ ಹೆಸರು ಮಹಾದೇವ ಮಾರ್ತಾಂಡ ಎಂದಿತ್ತು. ಆಗ ಅವರಿಗೆ ಹದಿನೆಂಟರ ಹರೆಯ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಪೊಲೀಸರ ಗುಂಡಿಗೆ ಬಲಿಯಾದರು.

ಬೆಂಗಳೂರಿನತ್ತ ತಿರುಗಿದ ದಾರಿ

1956ರಲ್ಲಿ ರಾಜ್ಯಗಳು ಒಂದಾದ ಮೇಲೆ ಈ ಭಾಗದ ಮುಖ ಪುಣೆಯಿಂದ ಬೆಂಗಳೂರಿನತ್ತ ತಿರುಗಿತು. ಅಲ್ಲಿ ಕ್ರೀಡಾಂಗಣವಿತ್ತು, ಕೋಚ್‌ಗಳಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಓಟಗಾರರಿಗೆ ನೌಕರಿ ಕೊಡುವ ಸರ್ಕಾರಿ ಕಾರ್ಖಾನೆಗಳಿದ್ದವು. ಕೋಲಾರದಲ್ಲಿ ಹುಟ್ಟಿದ ಕೆನ್ನೆತ್ ಪೊವೆಲ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿದ 4x100 ಮೀಟರ್ ರಿಲೇ ತಂಡದಲ್ಲಿ ಅವರೂ ಒಬ್ಬರು. 1965ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಅನಂತರದ ಹೆಸರುಗಳು ಓದುಗರಿಗೆ ಪರಿಚಿತವೇ. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ಜತೆ 4x400 ಮೀಟರ್ ರಿಲೇ ಚಿನ್ನ ಗೆದ್ದ ವಂದನಾ ರಾವ್, ಕೊಡಗಿನ ಅಶ್ವಿನಿ ನಾಚಪ್ಪ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಡಿಸ್ಕಸ್ 63.64 ಮೀಟರ್ ಎಸೆದು ಚಿನ್ನ ತಂದ ಮೈಸೂರು ಮೂಲದ ವಿಕಾಸ್ ಗೌಡ. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಗಿರೀಶ ಹಾಸನ ಜಿಲ್ಲೆಯವರು. ಈ ಸಾಲಿನಲ್ಲಿ ತುಂಗಭದ್ರೆ-ವರದೆಯ ನಡುವಿನ ಊರುಗಳ ಹೆಸರು ಕಾಣುವುದಿಲ್ಲ. ಬೆಂಗಳೂರು ಮತ್ತು ಮೈಸೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದ 1997ರಲ್ಲೇ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು ಎಂಬುದು ಕಾಕತಾಳೀಯ.

ಹಾಗೆಂದು ಇಲ್ಲಿ ಓಟಕ್ಕೆ ಬರವೇ? ಖಂಡಿತ ಇಲ್ಲ. ದೀಪಾವಳಿ ಬಂತೆಂದರೆ ಈ ಮೂರೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ. ಸರ ಹರಿಯಲು ಹುಡುಗರು ಬೆನ್ನಟ್ಟುತ್ತಾರೆ, ಹಾಯುವ ಕೊಂಬಿನಿಂದ ತಪ್ಪಿಸಿಕೊಳ್ಳುತ್ತಾರೆ. ಪೆಟ್ಟು, ಪ್ರಾಣಾಪಾಯ ಹೊಸದಲ್ಲ. ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ. ಬೆನ್ನಟ್ಟಿದವನ ವೇಗವನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಕರಾವಳಿಯ ಕಂಬಳದಲ್ಲಿ ಹಾಗಿಲ್ಲ. ಅಲ್ಲಿ ಕರೆಯ ಉದ್ದ ಗೊತ್ತು, ಸಮಯ ದಾಖಲಾಗುತ್ತದೆ. ಆದ್ದರಿಂದಲೇ 2020ರಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಕೋಣಗಳ ಎಳೆತದೊಂದಿಗಿನ ಆ ಓಟವನ್ನು ಟ್ರ್ಯಾಕಿನ ಓಟಕ್ಕೆ ಸಮನೆನ್ನಲಾಗದು. ಆದರೂ ಕ್ರೀಡಾ ಇಲಾಖೆ ಅವರನ್ನು ಕರೆದು ನೋಡಲು ಮುಂದಾದದ್ದು ಕೈಯಲ್ಲಿ ಒಂದು ಅಂಕಿ ಇದ್ದುದರಿಂದ.

ಚೌಗುಲೆಯವರನ್ನು ಬೆಳಗಾವಿಯಿಂದ ಆಂಟ್‌ವರ್ಪ್‌ಗೆ ಒಯ್ದದ್ದು ಮೊದಲು ಅವರ ಕಾಲು, ಆಮೇಲೆ ಪುಣೆಯಲ್ಲಿ ಯಾರದೋ ಕೈಯಲ್ಲಿದ್ದ ಗಡಿಯಾರ. ಹಾವೇರಿ ಸೀಮೆಯಲ್ಲಿ ಕಾಲಿಗೆ ಎಂದೂ ಕೊರತೆ ಇರಲಿಲ್ಲ. ಹಳ್ಳಿ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಓಡಿದ ಮಗುವಿನ ಹೆಸರಿನ ಮುಂದೆ ಸೆಕೆಂಡುಗಳನ್ನು ಬರೆದಿಡಲು ಒಬ್ಬ ಮೇಷ್ಟ್ರು, ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಇದ್ದರೆ ಸಾಕು.